ಕನ್ನಡ ಮಾತಾಡುವ ಕಂಪ್ಯೂಟರ್ ಹುಡುಕಿದ ಗುಣಪಾಲರು

ಗುಣಪಾಲರು ಮೊದಲ ಸಲ ನಮ್ಮ ಬಾಗಿಲು ಬಡಿದದ್ದು ಕರೆಂಟು ಕೇಳಲಿಕ್ಕೆ. ೨೦೦೬ನೇ ಇಸವಿ, ಮೇ ತಿಂಗಳು. ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಆ ದಿನ ಒಂದು ಫೇಸ್ ಹೋಗಿತ್ತು. ಎಡಗಡೆಯ ಮನೆಗಳಲ್ಲಿ ಫ್ಯಾನ್ ನಿಂತಿತ್ತು, ಬಲಗಡೆ ತಿರುಗುತ್ತಿತ್ತು. ನನ್ನದು ಬಲಗಡೆ. ಅವರು ಎದುರು ಮನೆಗೆ ಬಂದು ಸ್ವಲ್ಪ ದಿನ ಆಗಿತ್ತು, ಮಾತುಕತೆ ಇರಲಿಲ್ಲ. ಬಾಗಿಲು ತೆರೆದರೆ ಕೈಯಲ್ಲಿ ಉದ್ದದ ವಯರು ಹಿಡಿದು ನಿಂತಿದ್ದರು. ಅವರ ಮನೆಯೊಳಗಿಂದ ಏನೋ ಕುಂಯ್ ಕುಂಯ್ ಎಂದು ಕೂಗುತ್ತಿತ್ತು.

"ಅಕ್ಕ, ನೀವು ಕನ್ನಡದವರಂತೆ, ವಾಚ್‌ಮನ್ ಹೇಳಿದ. ಒಂದು ಪ್ಲಗ್ ಬೇಕಿತ್ತು. ಕಂಪ್ಯೂಟರಿಗೆ ಲಿನಕ್ಸ್ ಹಾಕ್ತಾ ಇದ್ದೇನೆ. ಯುಪಿಎಸ್ ಕೂಗ್ತಾ ಉಂಟು, ಬ್ಯಾಟರಿ ಮುಗೀತಾ ಬಂತು. ನಿಂತರೆ ಮೊದಲಿಂದ ಹಾಕಬೇಕು."

ನಮ್ಮ ಮನೆಯಲ್ಲಿ ಸರಿ ಇದ್ದದ್ದು ಅಡುಗೆಮನೆಯ ಒಂದೇ ಪ್ಲಗ್. ಅದರಲ್ಲಿ ಗ್ರೈಂಡರು ತಿರುಗುತ್ತಿತ್ತು. ನಾನು ಆಗ ಬಿಲ್ಡಿಂಗಿನವರಿಗೆ ಇಡ್ಲಿಹಿಟ್ಟು ಅರೆದು ಕೊಡುತ್ತಿದ್ದೆ.

"ಉದ್ದು ಅರ್ಧ ಅರೆದಿದೆ" ಎಂದೆ. "ನಿಲ್ಲಿಸಿದರೆ ಹಿಟ್ಟು ಉಬ್ಬುವುದಿಲ್ಲ."

"ನನ್ನದೂ ಅರ್ಧ ಆಗಿದೆ ಅಕ್ಕ."

ಅವರು ಹೇಳಿದ ರೀತಿಗೆ ನನಗೆ ನಗು ಬಂತು. ಗ್ರೈಂಡರಿನ ಪ್ಲಗ್ ತೆಗೆದೆ. ಅವರು ಹತ್ತಿರ ಬಂದು ಗೋಡೆಯ ಮೇಲೆ ಬೆರಳಾಡಿಸಿ ಪ್ಲಗ್ಗಿನ ತೂತು ಹುಡುಕತೊಡಗಿದರು. ಕಿಟಕಿಯ ಬೆಳಕು ಸರಿಯಾಗಿ ಅಲ್ಲೇ ಬೀಳುತ್ತಿತ್ತು.

"ಕೈ ತೆಗೆಯಿರಿ ಮಾರಾಯ್ರೆ, ಶಾಕ್ ಹೊಡೀತದೆ" ಎಂದು ನಾನೇ ಹಾಕಿದೆ. "ಕಣ್ಣು ಕಾಣುವುದಿಲ್ವಾ?"

"ಕಾಣ್ತದೆ. ಮಧ್ಯದಲ್ಲಿ ಕಪ್ಪು ನೂಲು ತೇಲಿದ ಹಾಗೆ ಆಗ್ತದೆ. ಸಕ್ಕರೆ ಕಾಯಿಲೆ."

ಆ ದಿನ ಇಡ್ಲಿ ಕಲ್ಲಿನ ಹಾಗಾಯಿತೆಂದು ಮೇಲಿನ ಮನೆಯ ಮರಾಠಿ ಹೆಂಗಸು ಹೇಳಿಕಳಿಸಿದಳು.

ಗುಣಪಾಲರು ಕಾರ್ಕಳದ ಕಡೆಯ ಜೈನರು. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು. ಎಸ್ಸೆಸ್ಸೆಲ್ಸಿ ಮುಗಿಸಿ ಮುಂಬಯಿಗೆ ಬಂದು ಕೋಟೆಯ, ಎಂದರೆ ಫೋರ್ಟಿನ, ಒಂದು ಕನ್ನಡ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದವರು. ಸೀಸದ ಅಕ್ಷರ ತಲೆಕೆಳಗಾಗಿ ಇರುತ್ತದಂತೆ, ಬೆರಳಿಗೇ ಗೊತ್ತಾಗುತ್ತದಂತೆ ಯಾವುದು ಯಾವುದೆಂದು. ಆ ಪ್ರೆಸ್ಸು ಮುಚ್ಚಿತು. ಆಮೇಲೆ ಥಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಔಷಧಿ ಡಬ್ಬಿಗೆ ಲೇಬಲ್ ಅಚ್ಚು ಹಾಕುವ ಕಂಪನಿ. ಅದೂ ಮುಚ್ಚಿತು. ಆಗ ಒಂದು ಹಳೆ ಕಂಪ್ಯೂಟರ್ ತೆಗೆದುಕೊಂಡು ಮನೆಯಲ್ಲೇ ಕನ್ನಡ ಕಂಪೋಸ್ ಮಾಡತೊಡಗಿದರು. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಸತ್ತವರ ಹದಿಮೂರನೇ ದಿನದ ಕಾಗದ, ನಮ್ಮ ಊರಿನವರ ಹೋಟೆಲುಗಳ ಬೋರ್ಡು, ಸಂಘದ ಕರಪತ್ರ. ಮದುವೆ ಆಗಿರಲಿಲ್ಲ. ಮನೆ ಅವರದ್ದೂ ಅಣ್ಣ ಜಯಶೀಲರದ್ದೂ ಜಂಟಿ ಹೆಸರಿನಲ್ಲಿತ್ತು. ಜಯಶೀಲರು ಕಲ್ಯಾಣದಲ್ಲಿ ಸ್ಟೀಲ್ ಪಾತ್ರೆ ವ್ಯಾಪಾರ ಮಾಡುತ್ತಿದ್ದರು.

ಲಿನಕ್ಸ್ ಎಂದರೆ ಏನೆಂದು ನಾನು ಕೇಳಿದೆ. ಕಂಪ್ಯೂಟರ್ ಬರೀ ಪೆಟ್ಟಿಗೆ, ಅದನ್ನು ನಡೆಸುವ ಒಂದು ವ್ಯವಸ್ಥೆ ಒಳಗೆ ಹಾಕಬೇಕು, ಎಲ್ಲರೂ ಹಾಕುವುದು ವಿಂಡೋಸ್, ಲಿನಕ್ಸ್ ಇನ್ನೊಂದು ಎಂದರು. ಅದನ್ನು ಮಾರುವವರಿಲ್ಲ, ಸುಮ್ಮನೆ ಕೊಡುತ್ತಾರೆ. ಆದರೆ ಒಂದೊಂದು ಗುಂಪಿನವರು ಅದನ್ನು ಒಂದೊಂದು ತರಹ ಮಾಡಿ ಹಂಚುತ್ತಾರೆ.

"ಅಕ್ಕಿ ಒಂದೇ ಅಕ್ಕ. ಒಬ್ಬರು ದೋಸೆ ಮಾಡ್ತಾರೆ, ಒಬ್ಬರು ಸೇಮಿಗೆ ಒತ್ತುತ್ತಾರೆ. ಹಾಗೆ."

"ದೋಸೆಗೆ ಬೆಳ್ತಿಗೆ, ಸೇಮಿಗೆಗೆ ಕುಚ್ಚಲು. ಒಂದೇ ಅಕ್ಕಿ ಅಲ್ಲ."

"ನಿಮ್ಮ ಹತ್ತಿರ ಮಾತಾಡಿ ಗೆಲ್ಲಲಿಕ್ಕಿಲ್ಲ" ಎಂದು ನಕ್ಕರು.

ಅವರಿಗೆ ಲಿನಕ್ಸ್ ಬೇಕಾದದ್ದು ಕಣ್ಣಿಗೋಸ್ಕರ. ಪರದೆಯ ಮೇಲಿನದನ್ನು ಓದಿ ಹೇಳುವ ಸಾಫ್ಟ್‌ವೇರ್ ಇರುತ್ತದೆ, ಕುರುಡರು ಅದನ್ನು ಇಟ್ಟುಕೊಂಡು ಆಫೀಸಿನಲ್ಲಿ ಕೆಲಸ ಮಾಡುತ್ತಾರೆ ಎಂದು ಅವರಿಗೆ ಗೊತ್ತಿತ್ತು. ವಿಂಡೋಸಿಗೆ ಅದನ್ನು ಕೊಳ್ಳುವುದು ಅವರಂಥವರಿಗೆ ಆಗುವ ಮಾತಲ್ಲ. ಲಿನಕ್ಸಿನಲ್ಲಿ ಅದು ಪುಕ್ಕಟೆ. ಆದರೆ ಅದು ಓದುವುದು ಇಂಗ್ಲಿಷು. ಅವರು ಹೊಟ್ಟೆ ಹೊರೆಯುತ್ತಿದ್ದದ್ದು ಕನ್ನಡದಿಂದ. ಕನ್ನಡದ ಸಾಲು ಬಂದರೆ ಒಂದು ಲಿನಕ್ಸ್ ಬಾಯಿ ಮುಚ್ಚಿ ಕೂರುತ್ತಿತ್ತು. ಇನ್ನೊಂದು 'ಲೆಟರ್, ಲೆಟರ್, ಲೆಟರ್' ಎನ್ನುತ್ತಿತ್ತು. ಮತ್ತೊಂದರಲ್ಲಿ ಸದ್ದೇ ಬರುತ್ತಿರಲಿಲ್ಲ. ಎಲ್ಲೋ ಒಂದರಲ್ಲಿ ಕನ್ನಡ ಬರುತ್ತದೆ, ಇಂದಲ್ಲ ನಾಳೆ ಯಾರಾದರೂ ಹಾಕಿಯೇ ಹಾಕುತ್ತಾರೆ ಎಂಬುದು ಅವರ ನಂಬಿಕೆ. ಕಣ್ಣು ಪೂರ್ತಿ ಹೋಗುವುದರೊಳಗೆ ಅದು ಸಿಕ್ಕಿಬಿಟ್ಟರೆ ಕೆಲಸ ನಿಲ್ಲುವುದಿಲ್ಲ. ಕೆಲಸ ನಿಲ್ಲದಿದ್ದರೆ ಅಣ್ಣನ ಮನೆಗೆ ಹೋಗಿ ಕೂರಬೇಕಾಗಿಲ್ಲ. ಇಷ್ಟೇ ಅವರ ಲೆಕ್ಕ.

ಸ್ಟೇಷನ್ನಿನ ಪುಸ್ತಕದಂಗಡಿಯಲ್ಲಿ ಸಿಡಿ ಇಟ್ಟು ಮಾರುವ ಕಂಪ್ಯೂಟರ್ ಪತ್ರಿಕೆ ತರುತ್ತಿದ್ದರು. ಕೆಲವು ಸಿಡಿ ಪರದೇಶದಿಂದ ಪೋಸ್ಟಿನಲ್ಲಿ ಸುಮ್ಮನೆ ಬರುತ್ತಿದ್ದವು. ಒಂದೊಂದಕ್ಕೂ ಅದರದ್ದೇ ಹೆಸರು ಇತ್ತು, ನನಗೆ ನಾಲಿಗೆ ತಿರುಗುತ್ತಿರಲಿಲ್ಲ. ನಾನು ಕಂದು ಬಣ್ಣದ್ದು, ನೀಲಿಯದ್ದು, ಓತಿಕ್ಯಾತದ ಚಿತ್ರದ್ದು, ಕೆಂಪು ಸುರುಳಿಯದ್ದು ಎಂದು ಗುರುತಿಟ್ಟುಕೊಂಡಿದ್ದೆ. ಆಮೇಲೆ ಅವರೂ ಹಾಗೆಯೇ ಹೇಳತೊಡಗಿದರು. "ಇವತ್ತು ಓತಿಕ್ಯಾತ ಹಾಕುವಾ ಅಕ್ಕ."

ಪೆಟ್ಟಿಗೆಯೊಳಗೆ ಎರಡು ಡಿಸ್ಕು ಇದ್ದವು. ಒಂದರಲ್ಲಿ ಅವರ ಕೆಲಸವೆಲ್ಲ, ಅದಕ್ಕೆ 'ಮನೆ' ಎಂದು ಹೆಸರಿಟ್ಟಿದ್ದರು. ಇನ್ನೊಂದು 'ನೆಂಟರ ಕೋಣೆ'. ಹೊಸದಾಗಿ ಬಂದ ಲಿನಕ್ಸನ್ನೆಲ್ಲ ನೆಂಟರ ಕೋಣೆಗೇ ಹಾಕುವುದು. ಕನ್ನಡ ಮಾತಾಡಲಿಲ್ಲವೋ, ಅಳಿಸಿ ಮುಂದಿನವರಿಗೆ ಜಾಗ ಮಾಡುವುದು. ಡಿಸ್ಕಿಗೆ ಕಂಪ್ಯೂಟರ್ ತಾನೇ ಅಕ್ಷರ ಇಡುತ್ತದೆ. ಮನೆ ಎಂದರೆ ಎ, ನೆಂಟರ ಕೋಣೆ ಎಂದರೆ ಬಿ.

ಕಣ್ಣು ಮಂಜಾಗುತ್ತ ಬಂದ ಹಾಗೆ ಹಾಕುವಾಗ ಬರುವ ಪರದೆಗಳನ್ನು ಓದಲಿಕ್ಕೆ ನನ್ನನ್ನು ಕರೆಯತೊಡಗಿದರು. ಹಾಕಿ ಆದ ಮೇಲೆ ಮಾತಾಡುವ ಲಿನಕ್ಸೂ ಹಾಕುವಾಗ ಮಾತಾಡುವುದಿಲ್ಲ.

"ನನಗೆ ಇಂಗ್ಲಿಷ್ ಓದಲಿಕ್ಕೆ ಬರುವುದಿಲ್ಲ. ಮೂರನೇ ಕ್ಲಾಸು ನಾನು, ಅದೂ ಕನ್ನಡ."

"ಲೋಕಲ್ ಹತ್ತುವಾಗ ಇಂಡಿಕೇಟರ್ ನೋಡಿ ಹತ್ತುವುದಿಲ್ವಾ?"

"ಅದು ಅಕ್ಷರ ಮಾತ್ರ. ಕೆ ಅಂದರೆ ಕಲ್ಯಾಣ, ಎಸ್ ಅಂದರೆ ಸ್ಲೋ, ಎಫ್ ಅಂದರೆ ಫಾಸ್ಟ್."

"ನನಗೆ ಅಕ್ಷರ ಸಾಕು. ಒಂದೊಂದೇ ಹೇಳಿ, ನಾನು ಜೋಡಿಸಿಕೊಳ್ತೇನೆ. ಆದರೆ ಅಂದಾಜಿನಲ್ಲಿ ಹೇಳಬೇಡಿ. ಕಂಡದ್ದನ್ನು ಮಾತ್ರ ಹೇಳಿ."

ಹಾಗೆ ಶುರುವಾಯಿತು. ಅವರು ಕೀಲಿಗಳ ಮೇಲೆ ಬೆರಳಿಟ್ಟು ಕೂರುವರು, ನಾನು ಪಕ್ಕದ ಸ್ಟೂಲಿನ ಮೇಲೆ. ಸಣ್ಣ ಅಕ್ಷರ ಕಲಿಯಲು ನನಗೆ ಒಂದು ಮಳೆಗಾಲ ಹಿಡಿಯಿತು. ಐ, ಎಲ್, ಒಂದು, ಈ ಮೂರೂ ನನಗೆ ಒಂದೇ ತರಹ ಕಾಣುತ್ತಿದ್ದವು. "ಇಲ್ಲೊಂದು ಕೋಲು ಉಂಟು" ಎನ್ನುತ್ತಿದ್ದೆ. "ಕೋಲಿನ ಮೇಲೆ ಚುಕ್ಕಿ ಉಂಟಾ?" "ಇಲ್ಲ." "ಹಾಗಾದರೆ ಎಲ್." ಜೈನರಾದ್ದರಿಂದ ಹೊತ್ತು ಮುಳುಗುವ ಮೊದಲು ಊಟ ಮಾಡುತ್ತಿದ್ದರು. ಸಿಡಿ ತಿರುಗುತ್ತಿದ್ದರೂ ಎದ್ದು ಹೋಗಿ ಎರಡು ಚಪಾತಿ ತಿಂದು ಬರುವರು. ಆ ಹೊತ್ತು ಪರದೆಯ ಮೇಲೆ ನೀಲಿ ಗೆರೆ ಉದ್ದವಾಗುವುದನ್ನು ನಾನು ನೋಡುತ್ತ ಕೂರುತ್ತಿದ್ದೆ.

೨೦೦೮ರಲ್ಲಿ ಆ ಕಾಗದದ ಪ್ರಕರಣ ಆಯಿತು. ಕಲ್ವಾದ ಒಬ್ಬ ಹೋಟೆಲಿನವರು ತೀರಿಹೋಗಿದ್ದರು, ಹದಿಮೂರನೇ ದಿನದ ಕಾಗದ ಕಂಪೋಸ್ ಮಾಡಲಿಕ್ಕೆ ಇವರಿಗೆ ಬಂತು. ಎಲ್ಲಿ ಹೇಗೆ ಸಾಲು ಜಾರಿತೋ, ಸ್ವರ್ಗಸ್ಥ ಎಂಬ ಶಬ್ದ ತಂದೆಯ ಹೆಸರು ಬಿಟ್ಟು ಮಗನ ಹೆಸರಿನ ಮುಂದೆ ಹೋಗಿ ಕೂತಿತು. ಅಚ್ಚಾಗಿ ಹಂಚಿಯೂ ಆಯಿತು. ಮಗ ನಮ್ಮ ಬಿಲ್ಡಿಂಗಿಗೆ ಬಂದು ಮೆಟ್ಟಿಲ ಮೇಲೆ ನಿಂತು, "ನಾನು ಸತ್ತಿದ್ದೇನಾ ನೋಡಿ, ಮುಟ್ಟಿ ನೋಡಿ, ಕಣ್ಣು ಹೇಗೂ ಇಲ್ಲವಲ್ಲ" ಎಂದ. ಗುಣಪಾಲರು ಕೈ ಮುಗಿದರು. ಅವನು ಇನ್ನೊಂದು ಕಡೆ ನಿಂತಿದ್ದ, ಇವರು ಗೋಡೆಗೆ ಕೈ ಮುಗಿದ ಹಾಗಾಯಿತು. ಅವನು ಅದನ್ನು ನೋಡಿ ಮಾತು ನಿಲ್ಲಿಸಿ ಇಳಿದು ಹೋದ.

ಆಮೇಲೆ ಕಾಗದಗಳು ಬರುವುದು ನಿಂತಿತು. ಶುಭಕಾರ್ಯದವರಂತೂ ಬರಲೇ ಇಲ್ಲ. ಜಯಶೀಲರು ಬಂದು, "ಸಾಕು ಮಾಡು ಗುಣಾ. ಈ ಮನೆ ಕೊಟ್ಟುಬಿಡುವಾ, ನಮ್ಮಲ್ಲಿಗೆ ಬಾ. ಒಂದು ಮಂಚ ಹಾಕಿದರೆ ಆಯ್ತು ನಿನಗೆ" ಎಂದು ಹೇಳಿ ಹೋದರು. ಕೆಟ್ಟ ಮನುಷ್ಯ ಅಲ್ಲ. ಆದರೆ ಆ ಮಂಚದ ಮಾತು ಕೇಳಿ ಗುಣಪಾಲರು ಆ ದಿನ ಊಟ ಬಿಟ್ಟರು.

ಉಳಿದದ್ದು ಇಲ್ಲಿಯ ನಮ್ಮ ಕನ್ನಡ ಸಂಘ ಒಂದು. ಅದಕ್ಕೆ ೨೦೧೧ರ ಜನವರಿಗೆ ಇಪ್ಪತ್ತೈದು ತುಂಬುವುದಿತ್ತು, ಒಂದು ದಪ್ಪ ಸ್ಮರಣ ಸಂಚಿಕೆ ತರುವುದೆಂದು ತೀರ್ಮಾನವಾಗಿತ್ತು. ಕಾರ್ಯದರ್ಶಿ ತಾರಾನಾಥರು ಮೊದಲಿನ ಪರಿಚಯದಿಂದ ಅದನ್ನು ಇವರಿಗೆ ಕೊಟ್ಟರು. ಕೊಡುವಾಗಲೇ ಒಂದು ಮಾತು ಹೇಳಿದರು.

"ನೋಡಿ ಗುಣಪಾಲ್, ನನ್ನನ್ನು ಸ್ವರ್ಗಕ್ಕೆ ಕಳಿಸಬೇಡಿ. ಕಮಿಟಿಯವರು ಬೇಡ ಅಂತಲೇ ಹೇಳಿದ್ದು, ನಾನು ಹಟ ಮಾಡಿ ತಂದಿದ್ದೇನೆ. ಇದು ಸರಿ ಬಂತಾ, ಮುಂದೆ ಸಂಘದ್ದೆಲ್ಲ ನಿಮಗೇ. ತಪ್ಪಿತಾ, ಆಮೇಲೆ ನನ್ನ ಹತ್ತಿರ ಬರಬೇಡಿ. ದೀಪಾವಳಿ ಮುಗಿದ ವಾರ ನಾನು ಪ್ರೂಫಿಗೆ ಬರ್ತೇನೆ."

ಸದಸ್ಯರು ಕೈಯಲ್ಲಿ ಬರೆದುಕೊಟ್ಟ ಲೇಖನಗಳನ್ನು ನಾನು ಓದುವುದು, ಅವರು ಟೈಪ್ ಮಾಡುವುದು. ಕನ್ನಡ ಓದಲಿಕ್ಕೆ ನನಗೆ ಅಷ್ಟು ಕಷ್ಟ ಇಲ್ಲ, ನಿಧಾನ ಅಷ್ಟೆ. ಅವರ ಬೆರಳು ಪರದೆ ನೋಡದೆಯೇ ನಡೆಯುತ್ತಿತ್ತು. ೨೦೧೦ರ ಮಾರ್ಚಿನಲ್ಲಿ ಶುರು ಮಾಡಿ ಗಣಪತಿ ಹಬ್ಬದ ಹೊತ್ತಿಗೆ ಮುಕ್ಕಾಲು ಸಂಚಿಕೆ ಮನೆಯ ಡಿಸ್ಕಿನಲ್ಲಿ ಕೂತಿತ್ತು. ಮೊದಲೆಲ್ಲ ಸಿಡಿಯಲ್ಲಿ ಒಂದು ಪ್ರತಿ ತೆಗೆದಿಡುತ್ತಿದ್ದರು, ಆ ಸಿಡಿ ಬರೆಯುವ ಯಂತ್ರ ಕೆಟ್ಟು ಬಿದ್ದಿತ್ತು. ಆದರೆ ಟೈಪ್ ಮಾಡಿದ್ದು ಸರಿ ಇದೆಯೋ ಇಲ್ಲವೋ ಎಂದು ಅವರಿಗೆ ತಿಳಿಯುವ ದಾರಿ ಇರಲಿಲ್ಲ. ನಾನು ಪರದೆ ನೋಡಿ ಓದುತ್ತಿದ್ದೆ. ನನ್ನ ಓದಿನ ಮೇಲೆ ಸಂಘದ ಪುಸ್ತಕ ಬಿಡುವ ಧೈರ್ಯ ಅವರಿಗೂ ಇಲ್ಲ, ನನಗೂ ಇಲ್ಲ. ಅದಕ್ಕೇ ಮಾತಾಡುವ ಲಿನಕ್ಸ್ ಆಗ ಬೇಕೇ ಬೇಕಿತ್ತು.

ಅಕ್ಟೋಬರಿನಲ್ಲಿ ಥಾಣೆಯ ಒಬ್ಬ ಪರಿಚಯದವರ ಮೂಲಕ ಒಂದು ಹೊಸ ಡಿವಿಡಿ ಸಿಕ್ಕಿತು. ಕುರುಡರಿಗೆಂದೇ ಕೆಲವರು ಸೇರಿ ಮಾಡಿದ್ದಂತೆ, ಕನ್ನಡದ ದನಿಯೂ ಉಂಟಂತೆ. ಗುಣಪಾಲರು ಆ ಡಿವಿಡಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು.

"ಅಕ್ಕ, ಗ್ರೈಂಡರ್ ಕೆಲಸ ಮುಗಿದಿದೆಯಾ?"

"ಮುಗಿದಿದೆ. ಯಾವ ಬಣ್ಣದ್ದು ಇವತ್ತು?"

"ಗೊತ್ತಿಲ್ಲ. ನೀವೇ ಹೇಳಬೇಕು."

ಅದಕ್ಕೆ ಬಣ್ಣವೇ ಇರಲಿಲ್ಲ, ಕಪ್ಪು ಪರದೆ, ಬಿಳಿ ಅಕ್ಷರ. ಮಧ್ಯಾಹ್ನದ ಊಟವಾದ ಮೇಲೆ ಕೂತೆವು. ಭಾಷೆ ಕೇಳಿತು, ದೇಶ ಕೇಳಿತು. ಎಲ್ಲವನ್ನೂ ಓದಿದೆ. ಆಮೇಲೆ ಡಿಸ್ಕು ಕೇಳುವ ಪರದೆ ಬಂತು.

"ಎರಡು ಗೆರೆ ಉಂಟು. ಎಸ್ ಡಿ ಎ, ಎಂಟು ಸೊನ್ನೆ, ಜಿ ಬಿ. ಕೆಳಗಿನದ್ದು ಎಸ್ ಡಿ ಬಿ, ಎಂಟು ಸೊನ್ನೆ, ಜಿ ಬಿ."

ಎರಡೂ ಡಿಸ್ಕು ಒಂದೇ ಅಳತೆಯವು. ಬೇಕೆಂದೇ ಜೋಡಿ ತೆಗೆದುಕೊಂಡಿದ್ದರು.

"ಬಿ" ಎಂದರು ಗುಣಪಾಲರು. ಕೆಳಗಿನ ಬಾಣದ ಕೀಲಿ ಒತ್ತಿದರು. "ಈಗ ಬಿ ಮೇಲೆ ಉಂಟಾ?"

"ಬಿ ಮೇಲೆ ಉಂಟು."

ಒತ್ತಿದರು. ಮತ್ತೊಂದು ಪರದೆ ಬಂತು, ಉದ್ದದ ಬರಹ. ನಾನು ಮೊದಲ ಅಕ್ಷರದಿಂದ ಶುರು ಮಾಡಿದೆ. ಡಬ್ಲ್ಯು, ಎ, ಆರ್, ಎನ್.

"ಗೊತ್ತು ಅಕ್ಕ. ಇದರಲ್ಲಿ ಇರುವುದೆಲ್ಲ ಅಳಿಸಿ ಹೋಗ್ತದೆ, ಹೌದಾ ಅಲ್ಲವಾ ಅಂತ. ಎಲ್ಲ ನೆಂಟರಿಗೂ ಕೇಳ್ತದಲ್ಲ. ಕೊನೆಗೆ ಬಿ ಅಂತಲೇ ಉಂಟಲ್ಲ?"

"ಬಿ ಅಂತಲೇ ಉಂಟು."

ಹೌದು ಎಂದು ಒತ್ತಿದರು. ಗೆರೆ ಉದ್ದವಾಗತೊಡಗಿತು. ಅದು ಮುಗಿಯುವ ಹೊತ್ತಿಗೆ ಅವರ ಸಂಜೆಯ ಊಟದ ಹೊತ್ತಾಗಿತ್ತು, ಆದರೆ ಆ ದಿನ ಏಳಲಿಲ್ಲ. ಕಂಪ್ಯೂಟರ್ ಆರಿ ಮತ್ತೆ ಹತ್ತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ತಗಡಿನ ಡಬ್ಬಿಯೊಳಗೆ ಕೂತು ಮಾತಾಡಿದ ಹಾಗೆ ಒಂದು ಗಂಡಸಿನ ದನಿ ಬಂತು. ಮೊದಲು ಇಂಗ್ಲಿಷು. ಅವರು ಏನೇನೋ ಒತ್ತಿ ಬದಲಾಯಿಸಿದರು. ಒಂದು ಖಾಲಿ ಪುಟ ತೆಗೆದು ನನ್ನ ಹೆಸರು ಟೈಪ್ ಮಾಡಿದರು.

'ವಾರಿಜಾ' ಎಂದಿತು ಕಂಪ್ಯೂಟರ್.

ಗುಣಪಾಲರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಮತ್ತೆ ಮುಂದೆ ಬಂದು ಸ್ವರ್ಗಸ್ಥ ಎಂದು ಟೈಪ್ ಮಾಡಿದರು. ಅದು ಸರಿಯಾಗಿ ಸ್ವರ್ಗಸ್ಥ ಎಂದಿತು. ಇಬ್ಬರೂ ನಕ್ಕೆವು. ಕಾರ್ಕಳ, ಕಲ್ಯಾಣ, ಉದ್ದು, ಇಡ್ಲಿ, ತಾರಾನಾಥ. ಏನು ಹಾಕಿದರೂ ಹೇಳುತ್ತಿತ್ತು. ನಾಲ್ಕು ವರ್ಷ ಹುಡುಕಿದ್ದರು ಅದನ್ನು.

"ಈಗ ಸಂಚಿಕೆ ಕೇಳುವಾ" ಎಂದರು. "ಇನ್ನೊಂದು ಡಿಸ್ಕು ತೆಗೆಯುತ್ತೇನೆ. ಅದರಲ್ಲಿ ಸಂಘ ಅಂತ ಒಂದು ಫೋಲ್ಡರ್. ಈ ದನಿ ಹಿಡಿದು ಹುಡುಕುವುದು ನನಗೆ ಇನ್ನೂ ಅಭ್ಯಾಸ ಇಲ್ಲ, ಹೆಸರು ಕಂಡರೆ ನೀವೇ ಹೇಳಿ."

ತೆಗೆದರು. ನಾನು ನೋಡಿದೆ. ಕನ್ನಡದಲ್ಲಿ ಏನೂ ಇರಲಿಲ್ಲ. ಇಂಗ್ಲಿಷಿನ ಒಂದಷ್ಟು ಹೆಸರು ಇದ್ದವು. ಒಂದೊಂದಾಗಿ ಓದಿದೆ. ಮೂರನೆಯದನ್ನು ಓದುವಾಗ, "ನಿಲ್ಲಿ" ಎಂದರು. ಹಿಂದಿನ ವಾರ ನೆಂಟರ ಕೋಣೆಗೆ ಹಾಕಿದ್ದ ಓತಿಕ್ಯಾತದ ಸಾಮಾನು ಅದು. ಅಳಿಸಿ ಹೋಗಬೇಕಾದದ್ದು ಹಾಗೆಯೇ ಇತ್ತು.

ಹಳೆಯ ಲಿನಕ್ಸುಗಳು ಡಿಸ್ಕನ್ನು ಒಂದು ಕಡೆಯಿಂದ ಎಣಿಸುತ್ತಿದ್ದವಂತೆ, ಇದು ಇನ್ನೊಂದು ಕಡೆಯಿಂದ ಎಣಿಸಿತ್ತು. ಇದರ ಪ್ರಕಾರ ನೆಂಟರ ಕೋಣೆ ಎ, ಮನೆ ಬಿ. ಅಳಿಸಿ ಹೋದದ್ದು ಮನೆ. ಇದು ನನಗೆ ಆಮೇಲೆ ತಿಳಿದದ್ದು. ಅವರಿಗೆ ಆ ಕ್ಷಣಕ್ಕೇ ತಿಳಿಯಿತು. ಕೈ ಕೀಲಿಗಳ ಮೇಲೆ ಹಾಗೇ ಬಿದ್ದಿತ್ತು, ಬೆರಳು ಒಂದು ಅಕ್ಷರದ ಮೇಲೆ ಒತ್ತಿ ನಿಂತಿತ್ತು. ಕಂಪ್ಯೂಟರ್ ಕ, ಕ, ಕ, ಕ ಎಂದು ಹೇಳುತ್ತಲೇ ಇತ್ತು. ನಾನು ಅವರ ಕೈ ಎತ್ತಿ ತೊಡೆಯ ಮೇಲಿಟ್ಟೆ.

"ಸ್ವಲ್ಪ ನೀರು ಕೊಡಿ ಅಕ್ಕ" ಎಂದರು.

ಹೊತ್ತು ಮುಳುಗಿತ್ತು. ಅವರು ನೀರು ಮಾತ್ರ ಕುಡಿದರು.

ಡಿಸ್ಕು ತೆಗೆದುಕೊಂಡು ಇಬ್ಬರೂ ಥಾಣೆಗೆ ಹೋದೆವು. ಅಳಿಸಿದ್ದನ್ನು ತಿರುಗಿ ತೆಗೆದುಕೊಡುವ ಒಂದು ಅಂಗಡಿ ಅಲ್ಲಿನ ನೌಪಾಡಾದಲ್ಲಿತ್ತು. ಡೊಂಬಿವಲಿಯಲ್ಲಿ ರೈಲು ಹತ್ತುವಾಗ ಜನರ ನೂಕಿಗೆ ಅವರ ಕನ್ನಡಕ ಕೆಳಗೆ ಬಿತ್ತು. "ಇರಲಿ, ಅದರಿಂದ ಎಂತ ಕಾಣ್ತಿತ್ತು" ಎಂದರು. ಅಂಗಡಿಯವರು ಒಂದು ವಾರ ಇಟ್ಟುಕೊಂಡು ಸಿಕ್ಕಿದ್ದನ್ನು ಕೊಟ್ಟರು. ಮನೆಗೆ ಬಂದು ಕಂಪ್ಯೂಟರಿನಿಂದ ಓದಿಸಿದೆವು. ಒಂದು ಮದುವೆ ಕಾಗದದ ತಲೆ, ಅದಕ್ಕೆ ಅಂಟಿಕೊಂಡು ಯಾರದ್ದೋ ಉತ್ತರಕ್ರಿಯೆಯ ಕಾಗದದ ಬಾಲ. ಹೋಟೆಲಿನ ತಿಂಡಿಪಟ್ಟಿ ಅರ್ಧ. ಸಂಚಿಕೆಯಲ್ಲಿ ಅಲ್ಲಲ್ಲಿ ಒಂದೆರಡು ಸಾಲು. ಆ ತಗಡಿನ ದನಿ ಒಂದೂ ಬಿಡದೆ, ಒಂದೇ ಸಮನೆ ಅದನ್ನೆಲ್ಲ ಓದಿತು. ಅವರು ಕೊನೆಯವರೆಗೂ ಕೇಳಿದರು.

ದೀಪಾವಳಿ ಮುಗಿದ ವಾರ ತಾರಾನಾಥರು ಬಂದರು. ಗುಣಪಾಲರು ಆದದ್ದನ್ನು ಹೇಳಿದರು.

"ಒಂದು ಪ್ರತಿ ಬೇರೆ ಕಡೆ ಇಡಬೇಕು ಅಂತ ಗೊತ್ತಿಲ್ವಾ ನಿಮಗೆ? ಇಷ್ಟು ವರ್ಷದ ಅನುಭವ ಎಂತಕ್ಕೆ?"

"ಇಡಬೇಕಿತ್ತು."

"ಈಗ ಎಂತ ಮಾಡ್ತೀರಿ?"

"ಮತ್ತೆ ಮೊದಲಿಂದ ಟೈಪ್ ಮಾಡ್ತೇನೆ. ಈಗ ಕಂಪ್ಯೂಟರ್ ಓದ್ತದೆ. ತಪ್ಪು ಒಂದೂ ಇರುವುದಿಲ್ಲ. ಕೇಳಿ ಬೇಕಾದರೆ." ಅವರು ಏನೋ ಟೈಪ್ ಮಾಡಿದರು. 'ಮಾನ್ಯ ಕಾರ್ಯದರ್ಶಿಗಳಿಗೆ ನಮಸ್ಕಾರ' ಎಂದಿತು ಕಂಪ್ಯೂಟರ್.

ತಾರಾನಾಥರು ನಗಲಿಲ್ಲ. ಗಡಿಯಾರ ನೋಡಿಕೊಂಡರು. "ಜನವರಿಗೆ ಹಾಲ್ ಬುಕ್ ಆಗಿದೆ, ಊರಿಂದ ಅತಿಥಿ ಬರ್ತಾರೆ. ಎಂಟು ತಿಂಗಳ ಕೆಲಸ ಎರಡು ತಿಂಗಳಲ್ಲಿ ಆಗ್ತದಾ? ನೀವೇ ಹೇಳಿ." ಗುಣಪಾಲರು ಆಗುತ್ತದೆ ಎನ್ನಲಿಲ್ಲ. ಸುಳ್ಳು ಹೇಳುವವರಲ್ಲ. ತಾರಾನಾಥರು ಮೇಜಿನ ಮೇಲಿದ್ದ ಕೈಬರಹದ ಕಟ್ಟು ಎತ್ತಿಕೊಂಡರು. ಬಾಗಿಲ ಹೊರಗೆ ನನ್ನ ಹತ್ತಿರ, "ನನಗೂ ಬೇಜಾರು ಉಂಟು ವಾರಿಜಕ್ಕ. ಆದರೆ ಕಮಿಟಿಗೆ ನಾನು ಎಂತ ಹೇಳಲಿ" ಎಂದರು. ಸಂಚಿಕೆ ಥಾಣೆಯ ಬೇರೆ ಕಡೆ ಅಚ್ಚಾಯಿತು. ಅದರಲ್ಲಿಯೂ ತಪ್ಪುಗಳು ಇದ್ದವು. ಯಾರೂ ಏನೂ ಹೇಳಲಿಲ್ಲ.

ಗುಣಪಾಲರು ಕೆಲಸ ಕೇಳಿಕೊಂಡು ನಾಲ್ಕಾರು ಕಡೆ ಫೋನ್ ಮಾಡಿದರು. "ಈಗ ಕಂಪ್ಯೂಟರೇ ಓದಿ ಹೇಳ್ತದೆ" ಎಂದು ಎಲ್ಲರಿಗೂ ಹೇಳುತ್ತಿದ್ದರು. ಕೆಲಸ ಕೊಡುತ್ತಿದ್ದ ಒಬ್ಬರು, "ನಮ್ಮ ಹುಡುಗಿ ಮದುವೆ, ಗುಣಪಾಲರೇ. ರಿಸ್ಕ್ ಬೇಡ" ಎಂದರಂತೆ. ಮಾತಾಡುವ ಕಂಪ್ಯೂಟರ್ ಇತ್ತು, ಅದಕ್ಕೆ ಓದಲಿಕ್ಕೆ ಏನೂ ಇರಲಿಲ್ಲ. ಮಧ್ಯಾಹ್ನ ನಾನು ಹಿಟ್ಟು ಕೊಟ್ಟು ಮೆಟ್ಟಿಲು ಹತ್ತಿ ಬರುವಾಗ ಅವರ ಬಾಗಿಲ ಒಳಗಿಂದ ಆ ದನಿ ಕೇಳುತ್ತಿತ್ತು. ತರಕಾರಿ ಹೆಸರು, ಊರಿನ ಹೆಸರು, ಕೋಟೆಯ ಪ್ರೆಸ್ಸಿನಲ್ಲಿ ಜೊತೆಗಿದ್ದವರ ಹೆಸರು. ಬೆರಳಿಗೆ ಅಭ್ಯಾಸ ತಪ್ಪಬಾರದು ಎಂದು ಟೈಪ್ ಮಾಡುತ್ತಿದ್ದರು.

೨೦೧೧ರ ಮಳೆಗಾಲದ ಮೊದಲು ಜಯಶೀಲರು ಟೆಂಪೋ ತಂದರು. ಮನೆಗೆ ಗಿರಾಕಿ ಸಿಕ್ಕಿದ್ದ. ಗುಣಪಾಲರು ಬೇರೆ ಏನನ್ನೂ ಕೇಳಲಿಲ್ಲ. ಕಂಪ್ಯೂಟರನ್ನು ಚಾದರದಲ್ಲಿ ಸುತ್ತಿಸಿ, ಟೆಂಪೋದಲ್ಲಿ ತಮ್ಮ ಕಾಲಿನ ಹತ್ತಿರ ಇಡಿಸಿಕೊಂಡರು. ಅಷ್ಟರಲ್ಲಿ ಕಣ್ಣು ಪೂರ್ತಿ ಹೋಗಿತ್ತು. ಮುಖವೂ ಊದಿಕೊಂಡಿತ್ತು, ಕಿಡ್ನಿಗೆ ಬಂದಿದೆ ಎಂದಿದ್ದರು ಡಾಕ್ಟರು.

ನಾನು ಕಲ್ಯಾಣಕ್ಕೆ ಆಗಾಗ ಹೋಗುತ್ತಿದ್ದೆ. ಮೊದಮೊದಲು ಕಂಪ್ಯೂಟರ್ ಅವರ ಮಂಚದ ಪಕ್ಕ ಇತ್ತು. ಜಯಶೀಲರ ಮಗಳು ದಿಶಾ ಕಾಲೇಜಿಗೆ ಹೋಗುತ್ತಿದ್ದಳು. "ಕಾಕಾ, ದಿನ್‌ಭರ್ ವೋ ಆವಾಜ್ ಬಂದ್ ಕರೋ ನಾ, ಪಢಾಯೀ ನಹೀಂ ಹೋತಿ" ಎಂದು, ದಿನವಿಡೀ ಆ ದನಿಗೆ ಓದಲಿಕ್ಕಾಗುವುದಿಲ್ಲವೆಂದು, ಅವಳು ಒಂದು ಸಲ ನನ್ನ ಎದುರೇ ಹೇಳಿದಳು. ಚಿಕ್ಕ ಮನೆ, ಅವಳದ್ದೂ ತಪ್ಪಲ್ಲ. ಮುಂದಿನ ಸಲ ಹೋದಾಗ ಅದು ಅಲ್ಲಿರಲಿಲ್ಲ. "ಅಟ್ಟದ ಮೇಲೆ ಇಟ್ಟಿದ್ದಾರೆ" ಎಂದರು ಗುಣಪಾಲರು. "ಡಯಾಲಿಸಿಸ್ ಶುರುವಾಗಿದೆಯಲ್ಲ, ಕೈಗೆ ಸೂಜಿ ಚುಚ್ಚಿ ಬಾತಿದೆ. ಕೈ ಸರಿಯಾದ ಮೇಲೆ ಇಳಿಸಿಕೊಡ್ತಾರೆ. ಸಂಘದಲ್ಲಿ ಹೊಸ ಕಮಿಟಿ ಬಂದಿದೆಯಂತೆ. ಕೇಳಿ ನೋಡಬೇಕು."

ಕೊನೆಯ ಸಲ ಹೋದದ್ದು ೨೦೧೨ರ ಆಗಸ್ಟಿನಲ್ಲಿ. ಜಯಶೀಲರ ಹೆಂಡತಿ ನನ್ನನ್ನು ಮೊದಲು ಅಡುಗೆಮನೆಗೆ ಕರೆದರು. ಚಹಾ ಸೋಸುತ್ತ ಸಣ್ಣ ದನಿಯಲ್ಲಿ ಹೇಳಿದರು.

"ವಾರಿಜಕ್ಕ, ಅವರು ಕಂಪ್ಯೂಟರ್ ವಿಷಯ ತೆಗೆದರೆ ಅಟ್ಟದ ಮೇಲೆ ಉಂಟು ಅನ್ನಿ. ಗುಜರಿಯವನಿಗೆ ಕೊಟ್ಟು ಆಯ್ತು, ಹೋದ ತಿಂಗಳೇ. ಮಳೆನೀರು ಇಳಿದು ಹಾಳಾಗಿತ್ತು. ಹೇಳಲಿಕ್ಕೆ ಯಾರಿಗೂ ಬಾಯಿ ಬರಲಿಲ್ಲ. ಡಾಕ್ಟರು ಹೇಳಿದ್ದಾರೆ, ಹೆಚ್ಚು ದಿನ ಇಲ್ಲ ಅಂತ."

ನಾನು ಚಹಾ ತೆಗೆದುಕೊಂಡು ಹೊರಗೆ ಬಂದೆ. ಅಟ್ಟ ಅವರ ಮಂಚಕ್ಕೆ ಎದುರಾಗಿ ಬಾಗಿಲ ಮೇಲೆಯೇ ಇತ್ತು. ಪಾತ್ರೆಗಳ ರಟ್ಟಿನ ಖೋಕಾ, ಒಂದು ಸುತ್ತಿದ ಚಾಪೆ, ಗಣಪತಿ ಹಬ್ಬದ ಥರ್ಮಾಕೋಲು. ಬೇರೆ ಏನೂ ಇರಲಿಲ್ಲ. ಗುಣಪಾಲರು ನನ್ನ ಕಾಲಸಪ್ಪಳ ಗುರುತು ಹಿಡಿದು ಮುಖ ತಿರುಗಿಸಿದರು. ಬಾತ ಕೈಗಳು ಹೊದಿಕೆಯ ಮೇಲಿದ್ದವು. ಬಿಲ್ಡಿಂಗಿನವರ ಬಗ್ಗೆ ಕೇಳಿದರು. ಅವರ ಮನೆಗೆ ಬಂದವರು ಯಾರೆಂದು ಕೇಳಿದರು. ದಿಶಾ ಒಳಗೆ ಹೋದ ಮೇಲೆ ಕೈಯಾಡಿಸಿ ನನ್ನ ಸೆರಗಿನ ತುದಿ ಹಿಡಿದುಕೊಂಡರು.

"ಅಕ್ಕ, ಬಾಗಿಲ ಮೇಲೆ ಅಟ್ಟ ಉಂಟಲ್ಲ. ನನ್ನ ಕಂಪ್ಯೂಟರ್ ಅಲ್ಲೇ ಉಂಟು ಅಂತ ಇವರೆಲ್ಲ ಹೇಳ್ತಾರೆ. ನೀವು ಒಮ್ಮೆ ತಲೆ ಎತ್ತಿ ನೋಡಿ. ಅಲ್ಲಿ ಎಂತೆಂತ ಉಂಟು, ಒಂದೊಂದೇ ಹೇಳ್ತೀರಾ?"